ಇಳಿದ ಹೊಳೆಯಲ್ಲಿ ಗಾಳ
ಧಾರವಾಡದ ಲಕಮನಹಳ್ಳಿಯ ಆಸುಪಾಸಿನಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ; ಧಾರವಾಡದ್ದೇ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಸಿಗೆಗೆ ಹೆಸರಿಗಷ್ಟೇ ಹೊಳೆ. ಗಾಳದ ಹವ್ಯಾಸಿಗಳಿಗೆ ಹತ್ತಿರದ ದೊಡ್ಡ ನದಿಯೆಂದರೆ ಮಲಪ್ರಭಾ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಅದೂ ಮಳೆಯನ್ನೇ ನಂಬಿದ್ದು, ಏಪ್ರಿಲ್-ಮೇ ಹೊತ್ತಿಗೆ ಅಲ್ಲಲ್ಲಿ ಬರೀ ಮಡುಗಳ ಸಾಲಾಗುತ್ತದೆ. ನೀರು ಇಳಿದಾಗ ಮೀನುಗಳೆಲ್ಲ ಈ ಮಡುಗಳಲ್ಲಿ ಒತ್ತಾಗುತ್ತವೆ. ಆದರೆ ಒತ್ತಾದ ಮೀನು ಸುಲಭವಾಗಿ ಸಿಗುತ್ತದೆಂಬುದು ಭ್ರಮೆ. ತಿಳಿನೀರಿನಲ್ಲಿ ದಂಡೆಯ ಮೇಲಿನ ನೆರಳು, ಹೆಜ್ಜೆಯ ಅದುರು ಎರಡೂ ಅದಕ್ಕೆ ಬೇಗ ಗೊತ್ತಾಗುತ್ತವೆ. ಹೀಗಾಗಿ ದೂರದಲ್ಲಿ ಕೂತು, ತೆಳು ದಾರ, ಸಣ್ಣ ಕೊಕ್ಕೆ, ಹಗುರ ಬೆಂಡು ಬಳಸುವುದೇ ಸರಿ. ಯಾವ ಹೊತ್ತಿನಲ್ಲಿ ಗಾಳ ಹಾಕಬೇಕೆಂಬುದನ್ನು ನಿರ್ಧರಿಸುವುದು ಶಾಖ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಮಧ್ಯಾಹ್ನದ ಕಾದ ನೀರಿನಲ್ಲಿ ರೋಹು, ಕಟ್ಲಾ ಮಂಕಾಗಿ ಮೇವು ಮುಟ್ಟುವುದು ಕಡಿಮೆ. ನೇರವಾಗಿ ಗಾಳಿ ಉಸಿರಾಡಬಲ್ಲ ಕೊರವ ಮಾತ್ರ ಕೆಸರಿನಲ್ಲೂ ಗಟ್ಟಿ. ಉಳಿದವುಗಳಿಗೆ ಬೆಳಗಿನ ತಂಪು ಹೊತ್ತು, ಬಂಡೆಯ ನೆರಳು, ಸಣ್ಣ ಸೆಳವಿರುವ ಜಾಗವೇ ಲೇಸು. ಮರಳು ತೆಗೆದ ಗುಂಡಿಗಳ ಆಳ ಮೇಲಿಂದ ತಿಳಿಯದು; ಅಂಥಲ್ಲಿ ನೀರಿಗಿಳಿಯುವುದು ಅಪಾಯ. ಮುಂಗಾರಿನ ಪ್ರವಾಹದಲ್ಲಿ ಮೊಟ್ಟೆಯಿಡುವುದು ಈ ಮಡುಗಳಲ್ಲಿ ಬದುಕುಳಿದ ಮೀನುಗಳೇ. ಹಾಗಾಗಿ ಊಟಕ್ಕೆ ಒಂದೆರಡು ಸಾಕು, ತತ್ತಿ ತುಂಬಿದ ದಪ್ಪ ಹೊಟ್ಟೆಯ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ಕೂಡಲೇ ನೀರಿಗೆ ಬಿಡಬೇಕು. ಮಡು ಮೊಣಕಾಲುದ್ದಕ್ಕೆ ಇಳಿದಿದ್ದರೆ ಗಾಳ ಹಾಕದಿರುವುದೇ ಒಳ್ಳೆಯದು.