ಅರ್ಜಿ ತುಂಬುವುದೂ ಒಂದು ಪಾಠವೇ

ಪ್ಲಸ್ ಟು ಫಲಿತಾಂಶ ಬಂತೆಂದರೆ ಕಾಸರಗೋಡಿನ ಅಕ್ಷಯ ಕೇಂದ್ರಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಂಪ್ಯೂಟರಿನ ಮುಂದೆ ಕುಳಿತವರು ಕೇಳುತ್ತಾರೆ, ತಂದೆ ಉತ್ತರ ಹೇಳುತ್ತಾರೆ, ಓದಬೇಕಾದ ಹುಡುಗಿ ಹಿಂದೆ ನಿಂತಿರುತ್ತಾಳೆ. ಕಣ್ಣೂರು ವಿಶ್ವವಿದ್ಯಾಲಯದ ಅರ್ಜಿ ಹೀಗೆ ಮುಗಿದುಹೋಗುತ್ತದೆ. ಇದು ಸರಿಯಲ್ಲ. ಅರ್ಜಿ ತುಂಬುವುದನ್ನು ನಮ್ಮ ಕನ್ನಡ ಶಾಲೆಗಳಲ್ಲಿ ಪಾಠದಂತೆ ಕಲಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲ ತೊಡಕು ಹೆಸರಿನದು. ಮನೆಯಲ್ಲಿ ಕೃಷ್ಣ, ರೇಶನ್ ಕಾರ್ಡಿನಲ್ಲಿ ಮಲಯಾಳದ ರೂಢಿಯಂತೆ ಕೃಷ್ಣನ್. ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಪ್ರವೇಶದ ದಿನ ದಾಖಲೆಗಳು ತಾಳೆಯಾಗದೆ ವಿಲೇಜ್ ಆಫೀಸಿಗೆ ಓಡಬೇಕಾಗುತ್ತದೆ. ಇದನ್ನು ಸರಿಪಡಿಸುವ ಕಾಲ ಪ್ಲಸ್ ಟು ಅಲ್ಲ, ಎಸ್.ಎಸ್.ಎಲ್.ಸಿ. ಪಟ್ಟಿ ಕಳುಹಿಸುವುದಕ್ಕಿಂತ ಮೊದಲು.

ಎರಡನೆಯದು ಕಾಲೇಜುಗಳ ಕ್ರಮ. ಏಕಗವಾಕ್ಷಿ ಪದ್ಧತಿಯಲ್ಲಿ ಮೇಲೆ ಬರೆದ ಆಯ್ಕೆ ಸಿಕ್ಕಿದರೆ ಕೆಳಗಿನವು ತಾವಾಗಿಯೇ ರದ್ದಾಗುತ್ತವೆ. ಕಾಸರಗೋಡು ಸರಕಾರಿ ಕಾಲೇಜೋ ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜೋ ಬೇಕಿದ್ದವರು ಯಾರೋ ಹೇಳಿದರೆಂದು ದೂರದ ಕಾಲೇಜನ್ನು ಮೇಲೆ ಬರೆದರೆ, ಆಮೇಲೆ ದಿನದಿನದ ಬಸ್ಸಿನ ಖರ್ಚು ಹೊರಲಾರದೆ ಓದನ್ನೇ ಬಿಡುವ ಪ್ರಸಂಗ ಬರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಹೇಳುವುದೇ ಬೇಡ.

ಮೂರನೆಯದು ಗಡಿನಾಡ ಕನ್ನಡಿಗರೆಂಬ ಅರ್ಹತೆ. ಕರ್ನಾಟಕದ ಸಿ.ಇ.ಟಿ. ಅರ್ಜಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಮಕ್ಕಳಿಗೂ, ಅತ್ತ ಅಕ್ಕಲಕೋಟೆ, ಜತ್ತ ತಾಲೂಕುಗಳ ಮಕ್ಕಳಿಗೂ ಈ ಅವಕಾಶವಿದೆ. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕನ್ನಡದಲ್ಲೇ ಓದಿದ ನಮ್ಮ ಮಕ್ಕಳಿಗೆ ಆ ಪರೀಕ್ಷೆ ಭಾರವಲ್ಲ. ಆದರೆ ಅರ್ಜಿಯ ಆ ಕಾಲಮನ್ನು ಖಾಲಿ ಬಿಟ್ಟರೆ, ಹಕ್ಕಿದ್ದೂ ಇಲ್ಲದಂತೆಯೇ. ಹಾಗೆಯೇ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ 2022ರಲ್ಲಿ ಬಂದ ಸಿ.ಯು.ಇ.ಟಿ. ಪರೀಕ್ಷೆಯಲ್ಲಿ ಕನ್ನಡ ಮಾಧ್ಯಮವೂ ಇದೆ. ಅದನ್ನೂ ಅರ್ಜಿಯಲ್ಲೇ ಆರಿಸಬೇಕು.

"ಮೇಷ್ಟ್ರುಗಳಿಗೆ ಈಗಿರುವ ಕೆಲಸವೇ ಸಾಲದೇ?" ಎಂದು ನಮ್ಮವರೇ ಕೇಳಬಹುದು. ಮಾತು ನಿಜ, ಜನಗಣತಿಯಿಂದ ಚುನಾವಣೆಯವರೆಗೆ ಎಲ್ಲವೂ ನಮ್ಮ ಹೆಗಲ ಮೇಲಿದೆ. ಆದರೆ ನಾವು ಕೇಳುತ್ತಿರುವುದು ವರ್ಷಕ್ಕೆ ಎರಡು ಪೀರಿಯಡ್ ಮಾತ್ರ. ಹಿಂದಿನ ವರ್ಷದ ಅರ್ಜಿಯನ್ನು ಮುದ್ರಿಸಿ ಜನವರಿಯಲ್ಲಿ ಮಕ್ಕಳ ಕೈಗೆ ಕೊಡೋಣ. ನೇಟಿವಿಟಿ, ನಾನ್ ಕ್ರೀಮಿ ಲೇಯರ್, ಇಂಡೆಕ್ಸ್ ಮಾರ್ಕ್ ಎಂದರೇನೆಂದು ಕನ್ನಡದಲ್ಲಿ ಬಿಡಿಸಿ ಹೇಳೋಣ. ಪೆನ್ಸಿಲಿನಲ್ಲಿ ಅವರೇ ತುಂಬಲಿ, ತಪ್ಪಿದರೆ ಅಳಿಸಿ ಬರೆಯಲಿ. ನಿಜವಾದ ಅರ್ಜಿಯಲ್ಲಿ ಅಳಿಸಲು ದಿನಗಳು ಕಡಿಮೆ.

ಪೋಷಕರಲ್ಲಿ ಒಂದೇ ವಿನಂತಿ. ಅಕ್ಷಯ ಕೇಂದ್ರಕ್ಕೆ ಹೋದಾಗ ಕುರ್ಚಿಯ ಪಕ್ಕದಲ್ಲಿ ಮಗಳನ್ನೋ ಮಗನನ್ನೋ ಕೂರಿಸಿ. ಕೊನೆಯ ಗುಂಡಿ ಒತ್ತುವ ಮೊದಲು ಅವರು ಒಮ್ಮೆ ಪೂರ್ತಿ ಓದಲಿ. ಹನ್ನೆರಡು ವರ್ಷ ಓದಿಸಿದ್ದು ಅದಕ್ಕಾಗಿಯೇ ತಾನೇ?