ನೆಲ ಡೊಂಕಲ್ಲ ಸ್ವಾಮಿ!

ಮೊನ್ನೆ ಲಿನಕ್ಸ್‌ನಲ್ಲಿ ಒಂದು ಪುಟ್ಟ ಸಿ ಪ್ರೋಗ್ರಾಮ್ ಬರೆದೆ. ನಮ್ಮ ಗದಗ ಜಿಲ್ಲೆಯ ಮೂರು ಊರುಗಳ ಹೆಸರು ಪರದೆಯ ಮೇಲೆ ಮೂಡಬೇಕು, ಅಷ್ಟೇ: ರೋಣ, ನರಗುಂದ, ಗಜೇಂದ್ರಗಡ. ವೈಡ್ ಕ್ಯಾರೆಕ್ಟರ್ ಮಾಡಿ ಡಬ್ಲ್ಯೂಪ್ರಿಂಟ್‌ಎಫ್‌ಗೆ ಕೊಟ್ಟೆ. ಬಂದದ್ದು ಬರೀ ಪ್ರಶ್ನೆಚಿಹ್ನೆಗಳು! 1858ರಲ್ಲಿ ಬ್ರಿಟಿಷರ ವಿರುದ್ಧ, 1980ರಲ್ಲಿ ಸರ್ಕಾರದ ವಿರುದ್ಧ ಎದ್ದು ನಿಂತ ನರಗುಂದ, ಇಲ್ಲಿ ಆರು ಪ್ರಶ್ನೆಚಿಹ್ನೆಗಳಾಗಿ ಕೂತಿತ್ತು :)

ಪಕ್ಕದ ಸೀಟಿನ ಹಿರಿಯರು ಇಣುಕಿದರು. "ಅದಕ್ಕೇ ಹೇಳೋದು, ಕಂಪ್ಯೂಟರಿಗೆ ಕನ್ನಡ ಆಗಿಬರಲ್ಲ. ಇಂಗ್ಲಿಷಲ್ಲಿ ಹಾಕಿ ಮುಗಿಸಪ್ಪ."

ಮೈ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಯುನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಡೊಂಕಿದ್ದದ್ದು ನನ್ನ ಕೋಡ್.

ಪ್ರತಿ ಸಿ ಪ್ರೋಗ್ರಾಮ್ ಶುರುವಾಗುವುದು 'ಸಿ' ಎಂಬ ಲೊಕೇಲ್‌ನಲ್ಲಿ. ಅದಕ್ಕೆ ಕನ್ನಡದ ಗಂಧವೇ ಇಲ್ಲ. ಆರಂಭದಲ್ಲೇ ಸೆಟ್‌ಲೊಕೇಲ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟು ಕರೆದರೆ ಬಳಸುವವರ ಲೊಕೇಲ್ ಬರುತ್ತದೆ. ಅದು ಯುಟಿಎಫ್-8 ಆಗಿದ್ದರೆ ಮೂರೂ ಊರು ಚೆಂದಾಗಿ ಮೂಡುತ್ತವೆ. ಇನ್ನೊಂದು ಮಾತು, ಅದೇ ಔಟ್‌ಪುಟ್‌ಗೆ ಸಾದಾ ಪ್ರಿಂಟ್‌ಎಫ್ ಬೆರೆಸಬೇಡಿ. ಮೊದಲ ಕರೆ ಯಾವುದೋ, ಆ ಸ್ಟ್ರೀಮ್ ಕೊನೆವರೆಗೂ ಅದರದ್ದೇ.

"ಸಾದಾ ಪ್ರಿಂಟ್‌ಎಫ್‌ಗೇ ಯುಟಿಎಫ್-8 ಕೊಟ್ಟರೂ ಬರುತ್ತಲ್ಲ?" ಅಂತೀರಾ? ಬರುತ್ತದೆ. ಆದರೆ ಎಣಿಸಿ ನೋಡಿ. ಗಜೇಂದ್ರಗಡ ಓದುವವರಿಗೆ ಐದು ಅಕ್ಷರ, ವೈಡ್ ಕ್ಯಾರೆಕ್ಟರ್ ಲೆಕ್ಕದಲ್ಲಿ 9, ಬೈಟ್ ಲೆಕ್ಕದಲ್ಲಿ 27! ಹತ್ತು ಬೈಟಿಗೆ ಕತ್ತರಿಸಿದರೆ ಕೊನೆಯ ಅಕ್ಷರವೇ ಒಡೆಯುತ್ತದೆ. ಆರು ವೈಡ್ ಕ್ಯಾರೆಕ್ಟರಿಗೆ ಕತ್ತರಿಸಿದರೆ 'ಗಜೇಂದ್' ಎಂದು ಊರು ಬಿಕ್ಕಳಿಸುತ್ತದೆ. ಅಂದರೆ ವೈಡ್ ಕ್ಯಾರೆಕ್ಟರ್ ಕೂಡ ನಮ್ಮ ಅಕ್ಷರವಲ್ಲ. ಒತ್ತಕ್ಷರ, ಗುಣಿತ ತಿಳಿದವರೇ ಅದನ್ನು ಸರಿಯಾಗಿ ಎಣಿಸಬೇಕು. ಅದು ನಾವಲ್ಲದೆ ಇನ್ಯಾರು? ಎಂಜಿನಿಯರಿಂಗ್‌ನ ನಾಲ್ಕು ವರ್ಷದಲ್ಲಿ ನಾನು ಕಲಿತದ್ದು ಒಂದು ಅಕ್ಷರವೆಂದರೆ ಒಂದು ಬೈಟ್ ಅಂತಲೇ.

ಇದು ಬರೀ ಪರದೆಯ ಮಾತಲ್ಲ. ಊರಲ್ಲಿರುವ ನಮ್ಮಜ್ಜಿಗೆ ಕನ್ನಡ ಬಿಟ್ಟು ಬೇರೆ ಓದಲು ಬರದು. ಇಂಗ್ಲಿಷ್ ರಶೀದಿ ಕೈಗೆ ಬಂದರೆ ಓಣಿಯ ಹುಡುಗರಿಂದ ಓದಿಸುತ್ತಾಳೆ. ಒಂದು ಸಾಲು ಕೋಡ್ ಬರೆಯುವ ಸೋಮಾರಿತನ ನಮ್ಮದು, ಗೂಬೆ ಕೂರಿಸುವುದು ಕನ್ನಡದ ಮೇಲೆ, ದಂಡ ತೆರುವುದು ಅಜ್ಜಿ.

ಆ ಹಿರಿಯರಿಗೆ ಮೂರು ಊರನ್ನೂ ತೋರಿಸಿ ನಮ್ಮ ಭಾಷೆಯಲ್ಲೇ ಹೇಳಿದೆ, "ಕಂಪ್ಯೂಟರಿಗೆ ಕನ್ನಡ ಬರ್ತದ್ರಿ ಸರ. ನಮಗ ಬರಂಗಿಲ್ಲ, ಅಷ್ಟ."