ರಚನಾ ಸರಿಯಿಲ್ಲ ಅಂತೀರಲ್ಲ, ರಸ್ತೆ ಮೇಲೆ ಕಲ್ಲು ಬಿಟ್ಟವರು ಯಾರು?

‘ಯೂ ಟರ್ನ್’ ಸಿನಿಮಾದ ರಚನಾ ಮೇಲೆ ನಮ್ಮ ಕಡೆ ಒಂದು ದೂರು ಇದ್ದೇ ಇದೆ. ಹುಡುಗಿಗೆ ಅವಸರ ಜಾಸ್ತಿ. ಕಂಡವರ ಮನೆ ವಿಳಾಸವನ್ನು ಒಳದಾರಿಯಲ್ಲಿ ತೆಗೆಸುತ್ತಾಳೆ. ದೊಡ್ಡವರು ಬೇಡ ಅಂದ ಕಡೆಗೇ ನುಗ್ಗುತ್ತಾಳೆ. ಯಾವುದನ್ನು ತಪ್ಪು ಅಂತ ಬರೆಯೋಕೆ ಹೊರಟಿದ್ದಳೋ ಕೊನೆಗೆ ಅದನ್ನೇ ತಾನೂ ಮಾಡುತ್ತಾಳೆ. ‘ಇಂಥವಳನ್ನ ಹೀರೋಯಿನ್ ಮಾಡುದ್ರೆ ಮಕ್ಕಳು ಏನ್ ಕಲೀತವೆ?’ ಅನ್ನುವುದರಲ್ಲಿ ಮಾತು ಮುಗಿಯುತ್ತದೆ.

ದೂರಿನ ಒಂದೊಂದು ಮಾತೂ ನಿಜ. ಆದರೂ ಕನ್ನಡದ ದೆವ್ವದ ಸಿನಿಮಾಗಳಲ್ಲಿ ನಮಗೆ ಇವಳಷ್ಟು ಇಷ್ಟವಾದವರು ಬೇರೆ ಯಾರೂ ಇಲ್ಲ. ಆ ತಪ್ಪುಗಳಿಗಾಗಿಯೇ ಇಷ್ಟ.

ಸಿನಿಮಾ ನೋಡದವರಿಗೆ ಮೊದಲೇ ಹೇಳಿಬಿಡುತ್ತೇವೆ, ಕ್ಲೈಮ್ಯಾಕ್ಸ್ ಕೂಡ ಇಲ್ಲಿ ಬರುತ್ತದೆ. ಬೇಡ ಅನ್ನಿಸಿದರೆ ನೋಡಿಕೊಂಡು ಬಂದು ಓದಿ, ಎರಡು ಗಂಟೆ ಸಾಕು.

ಪವನ್ ಕುಮಾರ್ ನಿರ್ದೇಶನದ ಈ ಸಿನಿಮಾ ಬಂದದ್ದು 2016ರ ಮೇ ತಿಂಗಳಲ್ಲಿ. ‘ಲೂಸಿಯಾ’ ಮಾಡಿದವರೇ ಅವರು. ರಚನಾ ಆಗಿ ಶ್ರದ್ಧಾ ಶ್ರೀನಾಥ್. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ರಸ್ತೆ ಮಧ್ಯಕ್ಕೆ ಸಿಮೆಂಟ್ ಕಲ್ಲು ಜೋಡಿಸಿದ್ದಾರೆ. ಮುಂದೆ ಹೋಗಿ ತಿರುಗಿಸಿಕೊಂಡು ಬರೋಕೆ ಬೇಜಾರಾದ ಬೈಕಿನವರು ಕಲ್ಲು ಸರಿಸಿ ಅಲ್ಲೇ ತಿರುಗುತ್ತಾರೆ. ಕಲ್ಲನ್ನು ವಾಪಸ್ ಇಡುವುದಿಲ್ಲ. ಹಿಂದೆ ಬರುವವರು ಅದಕ್ಕೆ ಹೊಡೆದು ಸಾಯುತ್ತಾರೆ.

ರಚನಾ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಇಂಟರ್ನ್. ಫ್ಲೈಓವರ್ ಬದಿಯಲ್ಲೇ ಬದುಕುವ, ಮನೆಯಿಲ್ಲದ ಒಬ್ಬ ಮನುಷ್ಯನಿಂದ ಆ ಗಾಡಿಗಳ ನಂಬರ್ ಪಡೆಯುತ್ತಾಳೆ. ಟ್ರಾಫಿಕ್ ಇಲಾಖೆಯಲ್ಲಿ ಗೊತ್ತಿರುವವರಿಂದ ವಿಳಾಸ ತೆಗೆಸುತ್ತಾಳೆ. ಪಟ್ಟಿ ಹಿಡಿದು ಮೊದಲನೆಯವನ ಮನೆಗೆ ಹೋದರೆ ಅವನು ಸಿಗುವುದಿಲ್ಲ, ಅದೇ ದಿನ ಅವನ ಹೆಣ ಬೀಳುತ್ತದೆ. ಪೊಲೀಸರು ಇವಳನ್ನೇ ಎತ್ತಾಕಿಕೊಂಡು ಹೋಗುತ್ತಾರೆ. ಎಸ್‌ಐ ನಾಯಕ್ ವಿಚಾರಿಸಿದರೆ ಪಟ್ಟಿಯಲ್ಲಿದ್ದವರೆಲ್ಲ ಸತ್ತಿದ್ದಾರೆ.

ಈಗ ದೂರಿಗೆ ಬರೋಣ. ವಿಳಾಸ ತೆಗೆಸಿದ್ದು ತಪ್ಪು ಹೌದು. ಸುದ್ದಿಯ ಕೆಲಸದಲ್ಲಿರುವ ನಮಗೆ ಅದು ಇನ್ನೂ ಚೆನ್ನಾಗಿ ಗೊತ್ತು. ಇಲಾಖೆಯಲ್ಲಿ ಒಬ್ಬ ಪರಿಚಯದವನು, ಒಂದು ಫೋನ್, ಯಾರದೋ ಮನೆ ಬಾಗಿಲು. ಇದು ಕಾನೂನಲ್ಲ, ಆದರೂ ದಿನಾ ನಡೆಯುತ್ತದೆ. ರಚನಾ ಪಟ್ಟಿಯಲ್ಲಿ ಮನುಷ್ಯರಿರಲಿಲ್ಲ, ನಂಬರ್‌ಗಳಿದ್ದವು. ಯಾಕೆ ಕಲ್ಲು ಸರಿಸಿದಿರಿ ಅಂತ ಕೇಳಿ, ಉತ್ತರ ಬರೆದುಕೊಂಡು, ಒಂದು ಲೇಖನ ಮಾಡಿ ಹೆಸರು ಮಾಡಬೇಕು ಅನ್ನುವುದಷ್ಟೇ ಅವಳ ಲೆಕ್ಕ. ಪಟ್ಟಿಯವರನ್ನು ಕೊಂದದ್ದು ಅವಳಲ್ಲ, ಆ ಪಟ್ಟಿಯೂ ಅಲ್ಲ. ಆದರೆ ಸತ್ತವರ ಹೆಸರುಗಳು ಅವಳ ಕೈಬರಹದ ಪಕ್ಕದಲ್ಲಿವೆ. ಆ ಹಾಳೆ ಅವಳಿಗೆ ಭಾರವಾಗುವುದನ್ನು ಶ್ರದ್ಧಾ ಮುಖದಲ್ಲಿ ನೋಡಬೇಕು, ಡೈಲಾಗ್ ಬೇಕಾಗುವುದಿಲ್ಲ. ಆ ವರ್ಷದ ಫಿಲ್ಮ್‌ಫೇರ್ ಅವರಿಗೇ ಬಂತು, ಸುಮ್ಮನೆ ಬರಲಿಲ್ಲ.

ನಮ್ಮ ದೆವ್ವದ ಸಿನಿಮಾಗಳ ಅಭ್ಯಾಸ ಬೇರೆ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಕೊನೆಗೆ ಮಂತ್ರಾಲಯದ ರಾಯರೇ ಕಾಪಾಡಬೇಕು. 2004ರ ‘ಆಪ್ತಮಿತ್ರ’ದಲ್ಲಿ ವಿಷ್ಣುವರ್ಧನ್ ಅವರ ಡಾಕ್ಟರ್ ವಿಜಯ್‌ಗೆ ಎಲ್ಲ ಗೊತ್ತು. ಉಳಿದವರೆಲ್ಲ ಹೆದರುತ್ತಾರೆ, ಅವರೊಬ್ಬರು ನಗುತ್ತಾ ಓಡಾಡುತ್ತಾರೆ. ಸೌಂದರ್ಯ ಮಾಡಿದ ಗಂಗಾಳ ಒಳಗೆ ನಾಗವಲ್ಲಿ ಎದ್ದರೂ ಅದು ಕಾಯಿಲೆ, ಗಂಗಾಳ ತಪ್ಪಲ್ಲ. (ಆಪ್ತಮಿತ್ರವನ್ನು ಬೈಯುತ್ತಿದ್ದೇವೆ ಅಂದುಕೊಳ್ಳಬೇಡಿ. ಅಂಬರೀಶಣ್ಣನ ಊರಲ್ಲಿ ಕೂತು ಅವರ ಕುಚಿಕು ಗೆಳೆಯನನ್ನು ಆಡಿಕೊಳ್ಳುವಷ್ಟು ಧೈರ್ಯ ನಮಗಿಲ್ಲ.) ಆದರೆ ಅಂಥ ಸಿನಿಮಾ ನೋಡಿ ಎದ್ದಾಗ ನಮಗೆ ಏನೂ ಅಂಟಿರುವುದಿಲ್ಲ. ದೆವ್ವ ಅರಮನೆಯಲ್ಲಿತ್ತು, ಡಾಕ್ಟರ್ ಬಿಡಿಸಿದರು, ನಾವು ಮನೆಗೆ ಬಂದೆವು. ರಚನಾ ಹಾಗೆ ಬಿಡುವುದಿಲ್ಲ. ಅವಳಿಗೆ ಏನೂ ಗೊತ್ತಿಲ್ಲ, ಮಂತ್ರ ಬರುವುದಿಲ್ಲ, ಹೋದ ಕಡೆಯೆಲ್ಲ ಸೋಲುತ್ತಾಳೆ. ಅವತ್ತು ಕಲ್ಲು ಸರಿಸಿದ ಇಬ್ಬರು ಹುಡುಗರನ್ನು ಲಾಕಪ್ಪಿನೊಳಗೆ ಇಟ್ಟರೂ ಉಳಿಸಿಕೊಳ್ಳಲು ಆಗುವುದಿಲ್ಲ.

ಇನ್ನು ದೊಡ್ಡ ದೂರು, ಅವಳೇ ಕಲ್ಲು ಸರಿಸಿದ್ದು. ದೆವ್ವ ತನ್ನ ಹತ್ತಿರ ಬರಲಿ, ಏನು ಬೇಕು ಅಂತ ಕೇಳೋಣ ಅಂತ ಅವಳು ಬೇಕೆಂದೇ ಆ ರೂಲ್ಸ್ ಮುರಿಯುತ್ತಾಳೆ. ‘ಕೆಟ್ಟ ಮೆಸೇಜ್’ ಅನ್ನುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ಅಲ್ಲಿಯವರೆಗೆ ಅವಳು ಪಟ್ಟಿ ಬರೆಯುವವಳು, ಪಟ್ಟಿಯ ಹೊರಗೆ ನಿಂತವಳು. ಆ ಕಲ್ಲು ಸರಿಸಿದಾಗ ತನ್ನ ಹೆಸರನ್ನೂ ಅದೇ ಪಟ್ಟಿಗೆ ಸೇರಿಸುತ್ತಾಳೆ. ಸುದ್ದಿ ಬರೆಯುವವರು, ಊರಿನ ನ್ಯಾಯ ಹೇಳುವವರು, ಮೊಬೈಲಲ್ಲಿ ಕೂತು ಬುದ್ಧಿ ಹೇಳುವವರು ಎಷ್ಟು ಜನ ಹಾಗೆ ಸಾಲಿನೊಳಗೆ ಬಂದು ನಿಂತಿದ್ದಾರೆ?

ಸಿಟಿಯವರ ಕಥೆ, ನಮಗೇನು ಅನ್ನಬೇಡಿ. ಹಿಂಗಾರಿನ ಹೊತ್ತಿಗೆ ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಸಂಜೆ ಒಂದು ಸಲ ಬನ್ನಿ. ಹುರುಳಿ, ರಾಗಿ ಒಕ್ಕಣೆಗೆ ಅರ್ಧ ರಸ್ತೆ ಹೋಗಿರುತ್ತದೆ. ಗಾಡಿಗಳು ಬರಿ ಮೇಲೇ ಹತ್ತಲಿ, ಬದಿಗೆ ಜಾರದಿರಲಿ ಅಂತ ಸುತ್ತ ದಪ್ಪ ಕಲ್ಲು. ಸಂಜೆ ಕಾಳು ತೂರಿ ಚೀಲ ಕಟ್ಟಿ ಮನೆಗೆ ಹೋಗುತ್ತಾರೆ, ಕಲ್ಲು ಅಲ್ಲೇ. ಕೆ.ಎಂ.ದೊಡ್ಡಿ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಪಂಚರ್ ಆಗುತ್ತದೆ. ಹಿಂದೆ ರಿಫ್ಲೆಕ್ಟರ್ ಇಲ್ಲ, ಅದಕ್ಕೇ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ. ಟೈರ್ ಬದಲಿಸಿ ಟ್ರ್ಯಾಕ್ಟರ್ ಹೊರಟುಹೋಗುತ್ತದೆ. ಕಲ್ಲು ಅಲ್ಲೇ. ‘ತೆಗ್ದಾಕಣ್ಣ’ ಅಂದರೆ ‘ಅಯ್ಯೋ ಬುಡಿ, ಬಂದೋರು ನೋಡ್ಕಂಡು ಓಯ್ತಾರೆ’ ಅನ್ನುತ್ತಾರೆ. ರಾತ್ರಿ ಹನ್ನೊಂದಕ್ಕೆ ಹೆಡ್‌ಲೈಟ್ ಮಂಕಾದ ಬೈಕಿನಲ್ಲಿ ಬರುವವನು ನೋಡಿಕೊಂಡು ಹೋಗಬೇಕು.

ಮಂಡ್ಯದ ಕಡೆಯ ದಶಪಥದ ಕಥೆ ಇನ್ನೊಂದು. 2023ರ ಮಾರ್ಚ್ 12ರಂದು ಪ್ರಧಾನಿ ನಮ್ಮ ಗೆಜ್ಜಲಗೆರೆಯಲ್ಲೇ ನಿಂತು 118 ಕಿಲೋಮೀಟರ್ ಹೆದ್ದಾರಿ ಉದ್ಘಾಟಿಸಿದರು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಮುಖ್ಯ ರಸ್ತೆ ಬಂದ್. ಊರು ಈಚೆ, ಗದ್ದೆ ಆಚೆ. ಅಂಡರ್‌ಪಾಸಿಗೆ ಸುತ್ತಿ ಹೋಗಬೇಕು. ಸರಿಯಾಗಿ ದಾಟೋಕೆ ಜಾಗ ಕೊಡದೆ ರಸ್ತೆ ಮಾಡಿದವರ ತಪ್ಪು ದೊಡ್ಡದು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಬೇಲಿ ಕತ್ತರಿಸಿ ದಾರಿ ಮಾಡಿಕೊಂಡವರು, ಸರ್ವೀಸ್ ರಸ್ತೆಯಲ್ಲಿ ಎದುರಿಗೇ ನುಗ್ಗುವವರು ಬೇರೆ ಜಿಲ್ಲೆಯಿಂದ ಬಂದವರಲ್ಲ. ಅಪಘಾತವಾದ ಮಾರನೇ ದಿನ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಬರುತ್ತದೆ: ಆಯತಪ್ಪಿ ಬಿದ್ದು ಸವಾರ ಸಾವು. ಆಯ ತಪ್ಪಿಸಿದ ಕಲ್ಲಿಗೆ ಆ ನಾಲ್ಕು ಸಾಲಿನಲ್ಲಿ ಜಾಗವಿಲ್ಲ.

ರಚನಾ ಕೇಳಿದ್ದು ಆ ಕಲ್ಲಿನ ಬಗ್ಗೆ. ಕೇಳಿದ ರೀತಿ ಸರಿಯಿರಲಿಲ್ಲ, ಸರಿ. ಆದರೆ ಸರಿಯಾದ ರೀತಿ ಗೊತ್ತಿದ್ದ ದೊಡ್ಡ ಅಧಿಕಾರಿ ಇಡೀ ಸಿನಿಮಾದಲ್ಲಿ ಮಾಡಿದ್ದು ಕೇಸ್ ಮುಚ್ಚುವ ಕೆಲಸ.

ದೆವ್ವದ ಬಗ್ಗೆಯೂ ಒಂದು ಮಾತು. ಮಾಯಾ ಮತ್ತು ಅವಳ ಪುಟ್ಟ ಮಗಳು ಆ ಫ್ಲೈಓವರ್ ಮೇಲೆ ಸತ್ತವರು. ಬೇರೆ ಸಿನಿಮಾಗಳಲ್ಲಿ ದೆವ್ವಕ್ಕೆ ತನ್ನ ಶತ್ರು ಯಾರು ಅಂತ ಗೊತ್ತಿರುತ್ತದೆ. ಮಾಯಾಗೆ ಗೊತ್ತಿಲ್ಲ. ಸಿಕ್ಕಿದವರನ್ನೆಲ್ಲ ಕೊಲ್ಲುತ್ತಾಳೆ. ಅವಳಿಗೆ ಸರಿಯಾದ ನಂಬರ್ ಹುಡುಕಿಕೊಡುವುದು ಅದೇ ರಚನಾ, ಅದೇ ಒಳದಾರಿಯ ವಿಳಾಸ ಹುಡುಕುವ ಕೆಲಸದಿಂದ. ಆ ನಂಬರ್ ಮಾಯಾಳ ಗಂಡನದೇ. ಅವತ್ತು ಕಲ್ಲು ಸರಿಸಿ ತಿರುಗಿದ್ದು ಅವನು. ಮಾಯಾ ಅವನೊಬ್ಬನನ್ನು ಕೊಲ್ಲದೆ, ಬದುಕಿರು ಅಂತ ಬಿಟ್ಟು ಹೋಗುತ್ತಾಳೆ.

ರಚನಾ ಸರಿಯಿಲ್ಲ ಅಂತ ನಮ್ಮ ಹತ್ತಿರ ವಾದಕ್ಕೆ ಬಂದವರು ಬಹಳ ಜನ. ಅವರಲ್ಲಿ ಒಬ್ಬರಾದರೂ ಆ ಗಂಡನ ಬಗ್ಗೆ ಒಂದು ಮಾತು ಆಡಿದ್ದನ್ನು ನಾವು ಇನ್ನೂ ಕೇಳಿಲ್ಲ.